ನಲವತ್ತು ಕೊಡದ ಎಂಜಿನ್ನು

“ಏ ಸತ್ಯಾ, ಆ ನೀರ ನನ್ನ ಗಾಡಿಗೆ ಹಾಕಾಕತ್ತೀಯೇನೋ?”

ಮುರಿಗೆಪ್ಪ ದೇಸಾಯಿ ರಸ್ತೆಯ ಆಚೆ ಬದಿಯಿಂದಲೇ ಕೂಗಿದ. ಶೆಡ್ಡಿನ ಬಾಗಿಲಲ್ಲಿ ಸತ್ಯಪ್ಪ ಕೊಡ ಹಿಡಿದುಕೊಂಡು ನಿಂತುಬಿಟ್ಟ. ಕೊಡದಲ್ಲಿದ್ದದ್ದು ಹಳ್ಳದ ನೀರು, ಚಹಾದ ಬಣ್ಣದ್ದು. ಕೇರಿಯವರು ಕುಡಿಯುವುದೂ ಅದನ್ನೇ.

“ಹೌದ್ರಿ ಧಣ್ಯಾರ. ಎಂಜಿನ್ನಿಗೆ ನೀರ ಬೇಕ ಬೇಕ್ರಿ. ಇಲ್ಲಂದ್ರ ಕಾಯ್ದು ಹಿಡಕೊಂಡ ಬಿಡತೈತ್ರಿ.”

“ಕೇರಿ ನೀರ ಕುಡದ ಗಾಡ್ಯಾಗ ನಾ ಕುಂದರಬೇಕೇನು? ನನ್ನ ಬಾವಿ ನೀರ ಹಾಕು. ರಾಚಪ್ಪ ತಂದ ಸುರೀತಾನ. ಎಷ್ಟ ಬೇಕ?”

ಸತ್ಯಪ್ಪ ಗಾಡಿಯ ಕಡೆ ನೋಡಿದ. ತಲೆ ಕೆರೆದುಕೊಂಡ.

“ದಿನಕ್ಕ ನಲವತ್ತ ಕೊಡ ಆಗತೈತ್ರಿ. ರೇಸ್ ಗಾಡಿ ನೋಡ್ರಿ. ನೀರಡಿಕಿ ಭಾಳ.”

ಗಾಡಿ ಎರಡೇ ಸೀಟಿನದು, ಕೆಂಪು. ನಲವತ್ತೇಳರಲ್ಲಿ ಗೋಕಾಕದ ಬಿಳಿ ಸಾಹೇಬನೊಬ್ಬ ಊರು ಬಿಡುವಾಗ ದೇಸಾಯಿಗೆ ಮಾರಿದ್ದು. ದೇಸಾಯಿ ಅದಕ್ಕೆ ಹನ್ನೊಂದು ವರ್ಷ ಪೂಜೆ ಮಾಡಿದ, ಎಣ್ಣೆ ಮಾತ್ರ ಬದಲಿಸಲಿಲ್ಲ. ಎಂಜಿನ್ನು ಸತ್ತಿತು. ಬರ್ಮಾದ ಯುದ್ಧದಲ್ಲಿ ಮಿಲಿಟರಿ ಲಾರಿ ರಿಪೇರಿ ಮಾಡಿ ಬಂದಿದ್ದ ಸತ್ಯಪ್ಪನನ್ನು ಬಿಟ್ಟರೆ ಗೋಕಾಕ, ಹುಕ್ಕೇರಿ ಎರಡೂ ತಾಲೂಕಿನಲ್ಲಿ ಅದನ್ನು ಬಿಚ್ಚಿ ಮತ್ತೆ ಕೂಡಿಸಬಲ್ಲವರು ಇರಲಿಲ್ಲ. ಇದು ಗೊತ್ತಾದ ಮರುದಿನವೇ, ಕಬ್ಬಿಣಕ್ಕೆ ಮೈಲಿಗೆ ತಟ್ಟುವುದಿಲ್ಲ ಎಂದು ದೇಸಾಯಿ ಪಂಚರ ಮುಂದೆ ತೀರ್ಪು ಕೊಟ್ಟ. ನೀರಿಗೆ ಮಾತ್ರ ತಟ್ಟುತ್ತದೆ ಎಂದ. ಪಂಚರು ತಲೆಯಾಡಿಸಿದರು. ಅವರ ಕೆಲಸವೇ ಅದು.

ಸತ್ಯಪ್ಪನ ಶೆಡ್ಡಿನ ಮುಖ ರಸ್ತೆಗೆ, ಬೆನ್ನು ಕೇರಿಗೆ. ಜಾಗ ದೇಸಾಯಿಯದು. ಹರಿಜನ ಸಪ್ತಾಹದ ಉದ್ಘಾಟನೆಗೆ ತಾಲೂಕಿನ ಅಧಿಕಾರಿ ಮಾಮಲೇದಾರರು ಬರುವವರಿದ್ದರು. ಸಪ್ತಾಹದ ಅಧ್ಯಕ್ಷ ದೇಸಾಯಿಯೇ. ಅಷ್ಟರೊಳಗೆ ಗಾಡಿ ಓಡದಿದ್ದರೆ ಶೆಡ್ಡು ಕೀಳಿಸುತ್ತೇನೆ ಎಂದಿದ್ದ. ಮೂರು ತಿಂಗಳ ವಾಯಿದೆ.

ಮರುದಿನದಿಂದ ದೇಸಾಯಿಯ ಆಳು ರಾಚಪ್ಪ ನೀರು ಹೊತ್ತ. ಶೆಡ್ಡಿನೊಳಗೆ ಕಾಲಿಡುವಂತಿಲ್ಲವಾದ್ದರಿಂದ, ಮುಂಗೋಡೆಗೆ ಸತ್ಯಪ್ಪ ತೂರಿಸಿದ್ದ ತಗಡಿನ ಕೊಳವೆಗೆ ಹೊರಗಿನಿಂದಲೇ ಸುರಿಯುತ್ತಿದ್ದ. ನೀರು ಒಳಗಿನ ಡ್ರಮ್ಮುಗಳಿಗೆ ಬೀಳುತ್ತಿತ್ತು. ದೇಸಾಯಿ ದಿನಾ ಸಂಜೆ ಕೊಡೆ ಬಿಚ್ಚಿಕೊಂಡು ರಸ್ತೆಯಾಚೆ ನಿಂತು ಕೇಳುತ್ತಿದ್ದ.

“ಕುಡೀತೇನೋ?”

“ಹೊಟ್ಟಿತುಂಬ ಕುಡೀತ್ರಿ. ನಿಮ್ಮ ಹೆಸರ ಹೇಳಕೋತನ ಕುಡೀತ್ರಿ.”

ದೇಸಾಯಿ ಮೀಸೆ ತಿರುವಿಕೊಂಡು ಹೋಗುತ್ತಿದ್ದ. ಆಗ ಎಂಜಿನ್ನು ಹಲಗೆಯ ಮೇಲೆ ನೂರು ತುಂಡಾಗಿ ಬಿದ್ದಿತ್ತು.

ಕೆಲಸದಲ್ಲಿ ಸತ್ಯಪ್ಪ ಮೋಸ ಮಾಡಲಿಲ್ಲ. ಪಿಸ್ಟನ್ನಿನ ರಿಂಗುಗಳನ್ನು ಕೊಲ್ಲಾಪುರದಿಂದ ತರಿಸಿದ. ವಾಲ್ವುಗಳನ್ನು ಒಂದೊಂದಾಗಿ ಅಂಗೈಯಲ್ಲಿ ತಿರುವಿ ತಿರುವಿ ಉಜ್ಜಿದ. ಎರಡು ಕಾರ್ಬ್ಯುರೇಟರು, ಎರಡೂ ಒಂದೇ ಸಮ ಉಸಿರೆಳೆಯಬೇಕು. ರಬ್ಬರಿನ ನಳಿಗೆಯ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬ್ಯುರೇಟರಿನ ಬಾಯಿಗೆ ಹಿಡಿದು, ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಕೇಳುತ್ತಿದ್ದ. ಹೆಂಡತಿ ಉದ್ದವ್ವ ನಗುತ್ತಿದ್ದಳು.

“ನನ್ನ ಮಾತ ಒಂದ ದಿನಾರೆ ಹಿಂಗ ಕೇಳೀಯೇನು?”

“ನಿನಗ ಸ್ಕ್ರೂ ಇಲ್ಲಲೇ.”

ಮೊದಲು ಉದ್ದವ್ವ ಕೇರಿಯ ಹೆಂಗಸರ ಜೊತೆ ದೇಸಾಯಿಯ ಬಾವಿಯಿಂದ ಹತ್ತು ಮಾರು ದೂರ ಕೂತು, ಯಾರಾದರೂ ಪುಣ್ಯವಂತರು ಮೇಲಿನಿಂದ ಸುರಿದಾರೆಂದು ಕಾಯುತ್ತಿದ್ದಳು. ಈಗ ಒಬ್ಬರೂ ಬರುತ್ತಿರಲಿಲ್ಲ. ಬುದ್ಧಿ ಕಲಿತವು ಎಂದುಕೊಂಡ ದೇಸಾಯಿ. ಭಾಷಣದಲ್ಲಿ ಒಂದು ಸಾಲನ್ನೂ ಸೇರಿಸಿಕೊಂಡ: ನಮ್ಮೂರಿನಲ್ಲಿ ಬಾವಿಯ ಜಗಳವೇ ಇಲ್ಲ.

ಮಾಮಲೇದಾರರು ಜೀಪಿನಲ್ಲಿ ಬಂದರು. ಭಾಷಣವಾಯಿತು, ಹಾರವಾಯಿತು. ಕೇರಿಯನ್ನು ಜೀಪಿನಿಂದಲೇ ನೋಡಿ, “ಭಾಳ ಸ್ವಚ್ಛ ಅದರಿ ದೇಸಾಯರ. ಹುಡುಗೋರ ಅಂಗಿ ಸೈತ ಬೆಳ್ಳಗ ಅವ,” ಎಂದರು. ದೇಸಾಯಿ ಕೈಮುಗಿದ, ತಾನೇ ಒಗೆದವನ ಹಾಗೆ.

ಆಮೇಲೆ ಗಾಡಿ. ಸ್ಟಾರ್ಟರಿನ ಗುಂಡಿ ಒಮ್ಮೆ ಒತ್ತಿದ್ದಕ್ಕೇ ಎದ್ದಿತು. ಮಾಮಲೇದಾರರನ್ನು ಕೂರಿಸಿಕೊಂಡು ದೇಸಾಯಿ ಹುಕ್ಕೇರಿ ರಸ್ತೆಯಲ್ಲಿ ನಾಲ್ಕು ಮೈಲಿ ಹೊಡೆದು ಬಂದ. ಎಲ್ಲೂ ಕೆಮ್ಮಲಿಲ್ಲ, ಬಿಕ್ಕಲಿಲ್ಲ. ಶೆಡ್ಡಿನೆದುರು ನಿಲ್ಲಿಸಿ ಹೇಳಿದ:

“ದಿನಾ ನಲವತ್ತ ಕೊಡ ಕುಡೀತೈತ್ರಿ ಸಾಹೇಬ್ರ. ನನ್ನ ಬಾವಿ ನೀರ!”

ಮಾಮಲೇದಾರರ ಹುಬ್ಬು ಮೇಲೇರಿತು. “ನಲವತ್ತ?”

ರಾಚಪ್ಪನಿಗೆ ಇದೇ ಬೇಕಾಗಿತ್ತು. ಹೆಗಲಿನ ಬಾವು ತೋರಿಸಿದ. “ನಮ್ಮ ಎಂಟೂ ಎತ್ತ ಕೂಡಿ ಇಷ್ಟ ಕುಡಿಯಂಗಿಲ್ರಿ ಧಣ್ಯಾರ. ಇದರಾಗ ಏನೋ ಐತ್ರಿ.”

ದೇಸಾಯಿಯ ನಗು ನಿಂತಿತು. ಜೀಪಿನ ಡ್ರೈವರ್ ಬಂದಗಿಸಾಬನನ್ನು ಕರೆದ. “ನೀ ಮೋಟಾರ ಹೊಡ್ಯಾಂವ. ಒಳಗ ಹೋಗಿ ನೋಡಿ ಖರೆ ಹೇಳ. ಇಂವಾ ಸುಳ್ಳ ಹೇಳಿದ್ರ ಶೆಡ್ ಇವತ್ತ ಕೀಳಸ್ತೇನಿ.”

ಸತ್ಯಪ್ಪ ನಟ್ಟು ಬಿಚ್ಚುವ ಪಾನಾ ಒರೆಸುತ್ತ ನಿಂತ. ಒರೆಸಿದ್ದನ್ನೇ ಒರೆಸಿದ.

ಬಂದಗಿಸಾಬ ಒಳಗೆ ಹೋದ. ಡ್ರಮ್ಮುಗಳನ್ನು ದಾಟಿ ಹಿಂಗೋಡೆಯ ತನಕ ಹೋದ. ಅಲ್ಲಿ ಬಗ್ಗಿ, ಗೋಡೆಯಾಚೆಯ ಕೊಡಗಳ ಸದ್ದಿಗೆ ಕಿವಿಗೊಟ್ಟ. ಹೊರಗೆ ಬಂದು ಗಾಡಿಯ ಬಾನೆಟ್ಟು ಎತ್ತಿ ರೇಡಿಯೇಟರಿನ ಬಿರಡೆ ತೆಗೆದು ಬಗ್ಗಿ ನೋಡಿದ. ಮುಚ್ಚಿದ. ಟೋಪಿ ಸರಿಮಾಡಿಕೊಂಡ.

“ಸುಳ್ಳ ಹೇಳ್ಯಾನ್ರಿ ದೇಸಾಯರ.”

ಸತ್ಯಪ್ಪನ ಕೈಯ ಪಾನಾ ನೆಲಕ್ಕೆ ಬಿತ್ತು.

“ನಲವತ್ತ ಎಲ್ಲಿ ಸಾಲ್ತೈತ್ರಿ? ಇಂಥಾ ಎಂಜಿನ್ನಿಗೆ ಅರವತ್ತರೆ ಬೇಕ್ರಿ. ಬ್ಯಾಸಗಿ ಬ್ಯಾರೆ ಬಂತು.”

“ಕೇಳಿದೇನೋ ರಾಚ್ಯಾ, ನಾಳಿಂದ ಅರವತ್ತ!” ಎಂದು ದೇಸಾಯಿ ಎದೆಯುಬ್ಬಿಸಿದ.

ಆ ಪುಟ್ಟ ಎಂಜಿನ್ನಿಗೆ ಹಿಡಿಯುವುದು ಅರ್ಧ ಕೊಡ, ಒಮ್ಮೆ ತುಂಬಿದರೆ ತಿಂಗಳು ಕೇಳುವುದಿಲ್ಲ. ಶೆಡ್ಡಿನ ಬೆನ್ನಿಗೆ, ಒಳಗಿನ ಡ್ರಮ್ಮುಗಳಿಂದ ಹೊರಟು ಕೇರಿಯ ಕಡೆ ಮುಖಮಾಡಿದ್ದ ನಲ್ಲಿಯ ಕೆಳಗೆ ಉದ್ದವ್ವ ತುಂಬಿದ ಕೊಡ ಎತ್ತಿಕೊಂಡು ಹಿಂದಿನವಳಿಗೆ ಜಾಗ ಬಿಟ್ಟಳು.