ಕೆಂಪು ಗೆರೆ ದಾಟಿದ ಮುಳ್ಳು

2024ರ ಏಪ್ರಿಲ್ 18, ಬೆಳಿಗ್ಗೆ 10 ಗಂಟೆ 52 ನಿಮಿಷ. ಕಾರನ್ನು ಬೈಪಾಸಿನ ಅಂಚಿಗೆ ತಂದು ನಿಲ್ಲಿಸಿದ ಅಂಬರೀಷ ಮೊದಲು ಜೇಬಿನ ಪುಸ್ತಕ ತೆಗೆದು ವೇಳೆ ಬರೆದುಕೊಂಡ. ಎದುರಿಗೆ ಎಂಜಿನ್ನಿನ ಶಾಖ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತ್ತು.

"ನೂರಾ ಹತ್ತ ಡಿಗ್ರಿ ಮ್ಯಾಲೆ ಹೋಗೇತಿ. ಇನ್ನ ಓಡಿಸಿದ್ರ ಎಂಜಿನ್ ಹಿಡಕೋತೈತಿ."

ಪಕ್ಕದಲ್ಲಿದ್ದ ಹೆಂಡತಿ ಮಾಯಾ ಮುಳ್ಳನ್ನು ನೋಡಲಿಲ್ಲ, ರಸ್ತೆ ನೋಡಿದಳು. ಧಾರವಾಡದ ಆಸ್ಪತ್ರೆ ಇನ್ನೂ ಏಳು ಕಿಲೋಮೀಟರ್. ಅಲ್ಲಿ ಅವಳ ತಾಯಿ ಉಡಚವ್ವನಿಗೆ ಉಳಿದದ್ದು ಒಂದೇ ಮಾತು: ಮಗಳು ಬಂದಳೇ? ಮಧ್ಯಾಹ್ನ ಕಾಣುವುದು ಕಷ್ಟ ಎಂದು ವೈದ್ಯರು ಬೆಳಿಗ್ಗೆಯೇ ಹೇಳಿದ್ದರು.

"ಉಣಕಲ್ ದಾರಿ ಹಿಡದಿದ್ರ ಬಸ್ಸರ ಸಿಗ್ತಿತ್ತಲ್ರಿ."

"ಅಲ್ಲಿ ಸಿಗ್ನಲ್ ಭಾಳ. ಲಗೂ ಮುಟ್ಟೋಣ ಅಂತ ಈ ಕಡೆ ಬಂದೆ."

ಹತ್ತೊಂಬತ್ತು ವರ್ಷದ ಕಾರು ಒಂದು ತಿಂಗಳಿಂದ ಹೀಗೆಯೇ ಸತಾಯಿಸುತ್ತಿತ್ತು. ಗೋಪನಕೊಪ್ಪದ ಮಿಸ್ತ್ರಿ ಮೆಹಬೂಬ ರೇಡಿಯೇಟರ್ ತೊಳೆದಿದ್ದ, ಫ್ಯಾನ್ ಬದಲಿಸಿದ್ದ, ಹೊಸ ವಾಟರ್ ಪಂಪ್ ಹಾಕಿದ್ದ. ಪ್ರತಿ ಸಲ ತಾನೇ ಒಂದು ಸುತ್ತು ಓಡಿಸಿ ಬಂದು, "ನನ್ನ ಕೈಯಾಗ ಮುಳ್ಳು ಏಳವಲ್ದ್ರಿ ಸರ್" ಎನ್ನುತ್ತಿದ್ದ. ಪ್ರತಿ ಸಲ ಅಂಬರೀಷ ಪುಸ್ತಕ ಬಿಚ್ಚಿ ತೋರಿಸುತ್ತಿದ್ದ. ತಾರೀಖು, ವೇಳೆ, ದೂರ, ಮುಳ್ಳು ನಿಂತ ಜಾಗ. ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವನ ಅಂಕಿಗಳು. ಏಳನೆಯ ಇಯತ್ತೆಗೆ ಸಾಲೆ ಬಿಟ್ಟಿದ್ದ ಮೆಹಬೂಬನಿಗೆ ಮೂವತ್ತು ವರ್ಷ ಪಳಗಿದ ತನ್ನ ಅಂಗೈಯ ಮೇಲೆ ನಂಬಿಕೆ ಹೋಗತೊಡಗಿತ್ತು. ಮುಟ್ಟಿದರೆ ಎಂಜಿನ್ ಹದವಾಗಿತ್ತು. ಆದರೆ ಪುಸ್ತಕ ಬೇರೆ ಹೇಳುತ್ತಿತ್ತು, ಪುಸ್ತಕವೇ ಖರೆ ಇರಬೇಕು.

ಅಂಬರೀಷ ಇಳಿದು ಬಾನೆಟ್ ಎತ್ತಿದ. ರೇಡಿಯೇಟರಿನ ಮುಚ್ಚಳವನ್ನು ಬರಿಗೈಯಲ್ಲಿ ತಿರುವಿ ಬಗ್ಗಿ ನೋಡಿ, ಮತ್ತೆ ಮುಚ್ಚಿದ.

"ಆರಬೇಕು. ನಲವತ್ತ ನಿಮಿಷರ ಬೇಕು."

ಮಾಯಾ ಮೂರು ಆಟೋದವರಿಗೆ ಫೋನ್ ಮಾಡಿದಳು. ಬೈಪಾಸಿಗೆ ಬರಲು ಯಾರೂ ಒಪ್ಪಲಿಲ್ಲ. ಕೈ ಅಡ್ಡ ಹಿಡಿದರೂ ಲಾರಿಗಳು ನಿಲ್ಲಲಿಲ್ಲ. ಅಷ್ಟರಲ್ಲಿ ತಾಯಿಯ ಹಾಸಿಗೆಯ ಪಕ್ಕದಿಂದ ತಮ್ಮ ಹುಲಗೇಶನ ಫೋನ್ ಬಂತು.

"ಅಕ್ಕಾ, ಯಾರ್ದರೆ ಜೀಪ್ ಕಳಸ್ಲೇನ?"

ಅಂಬರೀಷ ಅವಳ ಕೈಯಿಂದ ಫೋನ್ ತೆಗೆದುಕೊಂಡ. "ಬ್ಯಾಡೋ, ಹತ್ತ ನಿಮಿಷದಾಗ ಹೊಂಡ್ತೇವಿ. ನೀ ಅತ್ತಿ ಬಾಜೂಕನ ಇರು."

ಹತ್ತು ನಿಮಿಷ ಕಳೆದವು. ಇನ್ನೂ ಹತ್ತು ಕಳೆದವು. ಮಾಯಾ ತಾನೇ ಮೆಹಬೂಬನಿಗೆ ಫೋನ್ ಮಾಡಿದಳು.

"ಅವನ್ನ ಯಾಕ ಕರದಿ?"

"ಹಾಳ ಮಾಡಿದವ್ರ ಬಂದ ನೋಡ್ಲಿ."

ಅಂಬರೀಷ ಕೊಡೆ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದ. ನೀರು ಕುಡಿಸಿದ. ಅವಳು ಅವನ ತೋಳು ಹಿಡಿದಳು.

"ಅವ್ವ ಅವತ್ತ ನಿಮಗ ಹಂಗ ಮಾಡಬಾರದಿತ್ರಿ."

ಅದು ಅವರ ಮಗಳು ಹುಟ್ಟಿದ ಹನ್ನೆರಡನೆಯ ದಿನ. ಅಂಬರೀಷನ ತಂದೆ ಆಸ್ಪತ್ರೆಯಲ್ಲಿ ಮೊಮ್ಮಗಳ ಮುಖಕ್ಕಾಗಿ ಕಾಯುತ್ತಿದ್ದರು. ಬಾಣಂತಿ ಹೊಸ್ತಿಲು ದಾಟಬಾರದೆಂದು ಉಡಚವ್ವ ಮಾಯಾಳನ್ನೂ ಮಗುವನ್ನೂ ಕಳಿಸಲಿಲ್ಲ. ಅವರು ಬಾಗಿಲು ನೋಡುತ್ತಲೇ ಕಣ್ಣು ಮುಚ್ಚಿದರು.

"ಅದನ್ನ ಈಗ ಯಾಕ ತಗೀತಿ?" ಅಂಬರೀಷ ಮೆಲ್ಲಗೆ ಹೇಳಿದ. "ಹದಿನಾಕ ವರ್ಷಾತು. ಒಂದಿನಾರ ನಾ ಅದರ ಮಾತ ಎತ್ತೇನೇನು?"

ಇಲ್ಲ. ಒಂದು ದಿನವೂ ಎತ್ತಿರಲಿಲ್ಲ.

11 ಗಂಟೆ 31 ನಿಮಿಷಕ್ಕೆ ಹುಲಗೇಶನ ಫೋನ್ ಮತ್ತೆ ಬಂತು. ಅತ್ತಲಿಂದ ಅಳು ಬಂತು. ಅಳುತ್ತಲೇ, ಜೀಪು ಕಳಿಸಿದ್ದೇನೆ ಎಂದಷ್ಟೇ ಹೇಳಿದ.

ಅದಾದ ಏಳು ನಿಮಿಷಕ್ಕೆ ಮೆಹಬೂಬನ ಸ್ಕೂಟರ್ ಬಂತು. ಚೀಲ ಹಿಡಿದು ಓಡಿಬಂದವನು ಮಾಯಾಳ ಮುಖ ಕಂಡು ನಿಂತ.

"ಬರ್ರಿ ಕಾಕಾ. ಛಲೋ ಹೊತ್ತಿಗಿ ಬಂದ್ರಿ. ಎಲ್ಲಾ ಮುಗೀತು. ಕಡೀ ಸಲ ನಮ್ಮವ್ವನ ಮಾರಿ ನೋಡೂದು ತಪ್ಪಿಸಿದ್ರಿ. ನಿಮ್ಮ ಕೈ ಸೇದಿ ಹೋಗ್ಲಿ."

"ಅಕ್ಕಾರ..." ಮೆಹಬೂಬ ಚೀಲ ಕೆಳಗಿಟ್ಟ. "ನನ್ನಿಂದ ಏನ ತಪ್ಪಾತೋ ನನಗ ತಿಳೀವಲ್ದ್ರಿ."

"ಹೋಗ್ಲಿ ಬಿಡು ಮಾಯಾ," ಅಂಬರೀಷ ಅವಳ ಭುಜ ಹಿಡಿದ. "ಅವನೂ ಮನಷ್ಯಾ. ತಪ್ಪ ಆಗ್ತಾವು."

ಜೀಪು ಬಂದು ನಿಂತಿತು. "ಗಾಡಿ ಮುಟ್ಟಬ್ಯಾಡ. ಸಂಜೀಕ ನಾನ ಬಂದ ನೋಡ್ತೇನಿ" ಎಂದು ಅಂಬರೀಷ ಮಿಸ್ತ್ರಿಗೆ ಹೇಳುತ್ತಿದ್ದಾಗಲೇ ಮಾಯಾ ಗಂಡನ ಕೈಯಿಂದ ಕೀಲಿ ಕಿತ್ತು ಮೆಹಬೂಬನ ಕಾಲ ಬಳಿ ಎಸೆದಳು.

"ಏನರ ಮಾಡ್ಕೋರಿ. ಇದನ್ನ ನಾ ಇನ್ನ ಹತ್ತಂಗಿಲ್ಲ."

ಅವಳು ಜೀಪಿನಲ್ಲಿ ಕೂತಾಗಿತ್ತು. ಅಂಬರೀಷ ಒಮ್ಮೆ ಕಾರಿನತ್ತ ನೋಡಿ, ಹೋಗಿ ಅವಳ ಪಕ್ಕದಲ್ಲಿ ಕೂತ.

ಒಬ್ಬನೇ ಉಳಿದ ಮೆಹಬೂಬ ರೇಡಿಯೇಟರ್ ನೋಡಿದ. ನೀರು ಅಂಚಿನವರೆಗೆ ತುಂಬಿತ್ತು. ಉಕ್ಕಿ ಚೆಲ್ಲಿದ ಗುರುತು ಎಲ್ಲೂ ಇರಲಿಲ್ಲ. ಕೀಲಿ ತಿರುವಿದ. ಮುಕ್ಕಾಲು ಗಂಟೆಗೂ ಹೆಚ್ಚು ಸುಮ್ಮನೆ ನಿಂತಿದ್ದ ಗಾಡಿ. ಮುಳ್ಳು ಮಾತ್ರ ಒಂದೇ ನೆಗೆತಕ್ಕೆ ಕೆಂಪು ದಾಟಿತು.

ಮುಳ್ಳಿಗೆ ಹೋಗುವ ತಂತಿಯನ್ನು ಬೆರಳ ನಡುವೆ ಹಿಡಿದು ಅದು ಬಂದ ದಾರಿಯಲ್ಲೇ ಹೊರಟ. ನಡುವೆ ಅದಕ್ಕೆ ಇನ್ನೊಂದು ಸಣ್ಣ ತಂತಿ ಬೆಸೆದಿತ್ತು. ಗ್ಯಾರೇಜಿನಲ್ಲಿ ಅಷ್ಟು ಚೊಕ್ಕ ಬೆಸುಗೆ ಯಾರೂ ಹಾಕುವುದಿಲ್ಲ. ಆ ತಂತಿ ಡ್ಯಾಶ್‌ಬೋರ್ಡಿನ ಕೆಳಗೆ ನುಸುಳಿ, ಚಾಪೆಯ ಅಡಿ ಹರಿದು, ಓಡಿಸುವವನ ಸೀಟಿನ ತಳದಲ್ಲಿ ಒಂದು ಸ್ವಿಚ್ಚಿನಲ್ಲಿ ಮುಗಿಯುತ್ತಿತ್ತು. ಒತ್ತಿದ. ಮುಳ್ಳು ಇಳಿಯಿತು. ಮತ್ತೆ ಒತ್ತಿದ. ಎದ್ದಿತು.

ಸ್ವಿಚ್ ಆರಿಸಿ, ಆ ಬಿಸಿಲಿನಲ್ಲಿ ಎಲ್ಲೂ ನಿಲ್ಲಿಸದೆ ಕಾರನ್ನು ಆಸ್ಪತ್ರೆಯ ಗೇಟಿನವರೆಗೆ ಓಡಿಸಿದ. ಹನ್ನೊಂದು ನಿಮಿಷ ಹಿಡಿಯಿತು. ಬಾನೆಟ್ ಎತ್ತಿ, ಚೀಲದಿಂದ ಥರ್ಮಾಮೀಟರ್ ತೆಗೆದು ಎಂಜಿನ್ನಿಗೆ ಹಿಡಿದ.

ಎಪ್ಪತ್ತೊಂಬತ್ತು ಡಿಗ್ರಿ.