ಬಿನ್ನವತ್ತಳೆಯ ಒಂದು ಸಾಲು

ಹೇಳಬಾರದ್ದನ್ನು ಹೇಳುತ್ತಿದ್ದರೆ ತಿಳಿದವರು ಮನ್ನಿಸಬೇಕು.

ತೊಗಲುಗೊಂಬೆಯಾಟದ ಅಜ್ಜನೊಬ್ಬನಿಗೆ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡುವುದಿತ್ತು. ಸಭೆಯಲ್ಲಿ ಓದುವ ಬಿನ್ನವತ್ತಳೆಯನ್ನು ಗುಮಾಸ್ತೆ ಚೂಡಾಮಣಿ ಬರೆದು ಮುಗಿಸಿದ್ದಳು. ಘಟಿಕೋತ್ಸವದ ಹಿಂದಿನ ದಿನ ಕುಲಸಚಿವರು ಅವಳನ್ನು ಕರೆದರು.

"ಅಜ್ಜನ ಹೆಸರು ತೆಗೆದು ಮಂತ್ರಿಗಳ ಹೆಸರು ಹಾಕಮ್ಮ. ಜನಸೇವೆ ಮತ್ತು ಕಲಾಸೇವೆಗಾಗಿ ಅಂತ ಸೇರಿಸು."

"ಸರ್, ಮಂತ್ರಿಗಳಿಗೂ ಕಲೆಗೂ ಏನು ಸಂಬಂಧ?"

"ನಿನ್ನ ಸಂಬಳಕ್ಕೂ ಈ ಪ್ರಶ್ನೆಗೂ ಏನು ಸಂಬಂಧ? ಉಳಿದದ್ದು ಹಾಗೇ ಇರಲಿ. ಅದನ್ನೆಲ್ಲ ಯಾರು ಕೇಳಿಸ್ಕೊಳ್ತಾರೆ?"

ಎಂಜಲೆಲೆಯನ್ನೇ ತೊಳೆದು ಮತ್ತೆ ಬಡಿಸಿದ ಹಾಗೆ ಅವಳಿಗೆ ಹೇಸಿಗೆಯಾಯಿತು. ಹೆಸರು ಬದಲಿಸಿದಳು. ಅಜ್ಜನಿಗಷ್ಟೇ ಹೊಂದುವ, ತೆಗೆಯಲೇಬೇಕಾಗಿದ್ದ ಒಂದು ಸಾಲನ್ನು ಮಾತ್ರ, ಕೆಲಸ ಹೋದರೂ ಹೋಗಲಿ ಎಂದು ಬೇಕಂತಲೇ ಉಳಿಸಿದಳು. ಅದನ್ನು ಕೇಳಿದ ಮೇಲಾದರೂ ಜನಕ್ಕೆ ನಿಜ ಗೊತ್ತಾಗದೇ ಇರುತ್ತದೆಯೇ?

ಮರುದಿನ ಕಿಕ್ಕಿರಿದ ಸಭೆಯಲ್ಲಿ ಕುಲಪತಿಗಳು ಓದುತ್ತ ಓದುತ್ತ ಆ ಸಾಲಿಗೆ ಬಂದರು: "ಗೊಂಬೆಗೆಂದು ತೊಗಲು ಕೊರೆಯುವಾಗ ಉಳಿ ತಗುಲಿ, ಎಡಗೈ ಹೆಬ್ಬೆರಳನ್ನೇ ಕಳೆದುಕೊಂಡ ಮಹನೀಯರು..."

ಕುಲಪತಿಗಳು ತಡವರಿಸಿದರು. ಸಭೆಯ ಕಣ್ಣೆಲ್ಲ ಮಂತ್ರಿಗಳ ಕೈಯನ್ನು ಹುಡುಕಿತು. ಚೂಡಾಮಣಿಯೂ ಅತ್ತಲೇ ನೋಡಿದಳು.

ಮಂತ್ರಿಗಳು ಅದನ್ನು ಮೊದಲೇ ಓದಿದ್ದರೋ, ಆ ಗಳಿಗೆಯಲ್ಲೇ ಹೊಳೆಯಿತೋ, ಇವತ್ತಿಗೂ ಗೊತ್ತಿಲ್ಲ. ಹೆಬ್ಬೆರಳನ್ನು ಹೊದ್ದಿದ್ದ ಶಾಲಿನೊಳಗೇ ಅಂಗೈಗೆ ಮಡಚಿಕೊಂಡು, ಎಡಗೈ ಮೇಲೆತ್ತಿ ಅವರು ನಾಲ್ಕು ಬೆರಳು ತೋರಿಸಿದರು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು.