ಏರಬಾರದಿದ್ದ ಕಿಲೋಮೀಟರ್

ಬ್ರೇಕ್ ಬಿಗಿ ಮಾಡಲೆಂದು ಮಧ್ಯವಯಸ್ಸಿನ ಹೆಂಗಸೊಬ್ಬರು ಬೆಳಿಗ್ಗೆ ಬಿಟ್ಟುಹೋಗಿದ್ದ ಸ್ಕೂಟರಿನ ಸ್ಪೀಡೋಮೀಟರ್ ಸತ್ತಿರುವುದು ಮೆಕ್ಯಾನಿಕ್‌ನ ಕಣ್ಣಿಗೆ ಬಿತ್ತು. ವೇಗವನ್ನೂ ತೋರಿಸುತ್ತಿಲ್ಲ, ಕಿಲೋಮೀಟರೂ ಏರುತ್ತಿಲ್ಲ. ಸೆನ್ಸರ್ ಹೋಗಿರಬೇಕು ಎಂದುಕೊಂಡು ಮುಂದಿನ ಚಕ್ರದ ಬಳಿ ಬಗ್ಗಿ ನೋಡಿದ. ಸೆನ್ಸರ್ ಚೆನ್ನಾಗಿಯೇ ಇತ್ತು. ಅದರ ವೈರನ್ನು ಮಾತ್ರ ಯಾರೋ ಕಿತ್ತು, ತುದಿಗೆ ನೀಟಾಗಿ ಟೇಪ್ ಸುತ್ತಿದ್ದರು. ಬಿಚ್ಚಿ ಸಿಕ್ಕಿಸಿ, ಒಂದು ಸುತ್ತು ಓಡಿಸಿದ. ಮೀಟರಿಗೆ ಜೀವ ಬಂತು.

ಸಂಜೆ ಆಕೆ ಬಂದಾಗ ಖುಷಿಯಿಂದ ಹೇಳಿದ: "ಅಮ್ಮಾ, ಮೀಟರೂ ಸರಿ ಮಾಡಿದೀನಿ. ಅದಕ್ಕೇನೂ ಕೊಡ್ಬೇಡಿ."

ಆಕೆ ಮೀಟರನ್ನೇ ನೋಡುತ್ತ ನಿಂತರು. "ಗಾಡಿ ಓಡಿಸಿದ್ರಾ?"

"ಹೂಂ, ರಿಂಗ್ ರೋಡ್ ತನಕ. ಓಡಿಸ್ದೆ ಹೆಂಗ್ ಗೊತ್ತಾಗುತ್ತೆ?"

"ಬ್ರೇಕ್ ಮಾತ್ರ ನೋಡಿ ಅಂದಿದ್ನಲ್ಲ." ಆಕೆ ಮೀಟರಿನತ್ತ ಬೆರಳು ತೋರಿಸಿದರು. "ಈ ಕಿಲೋಮೀಟರನ್ನ ಮೊದಲಿದ್ದಷ್ಟಕ್ಕೇ ಇಳಿಸೋಕಾಗುತ್ತಾ?"

ಅವನು ಹುಬ್ಬು ಗಂಟಿಕ್ಕಿದ. "ಓ, ಮಾರೋಕಾ? ಅದಕ್ಕೇ ವೈರ್ ಕಿತ್ತಿದ್ದಾ? ಕೊಳ್ಳೋರಿಗೆ ಮೋಸ ಮಾಡೋ ಕೆಲಸ ನನ್ ಹತ್ರ ಹೇಳ್ಬೇಡಿ ಅಮ್ಮಾ."

"ಮಾರಲ್ಲಪ್ಪಾ." ಆಕೆ ಮೀಟರಿನ ಗಾಜಿನ ಮೇಲೆ ಅಂಗೈ ಇಟ್ಟರು. "ತೀರಿಹೋದ ನನ್ ಮಗಳ ಗಾಡಿ ಇದು. ಆಫೀಸಿಗೆ ನಾನು ದಿನಾ ಇದರಲ್ಲೇ ಹೋಗ್ತೀನಿ. ಅವಳು ಓಡಿಸಿದ್ದಕ್ಕೆ ನಂದು ಸೇರ್ಬಾರ್ದು ಅಂತ ವೈರ್ ಕಿತ್ತಿದ್ದೆ."